ಮತ್ತೆ ಸ್ಟೇರಿಂಗ್ ಹಿಡಿಯುವ ಮುನ್ನ

ಮದ್ಯ ಸೇವಿಸಿ ಸಿಕ್ಕಿಬಿದ್ದ ಬಸ್ಸು, ಲಾರಿ ಚಾಲಕರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಮತ್ತೆ ಕೆಲಸಕ್ಕೆ ಎಂದು?’ ಸಂಬಳ ನಿಂತ ಮನೆಗೆ ಈ ಚಿಂತೆ ಸಹಜ. ಆದರೆ ಮೊದಲು ಕೇಳಬೇಕಾದದ್ದು, ‘ಚಿಕಿತ್ಸೆ ಎಂದು?’

ನಮ್ಮ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ದಂಡ ಅಥವಾ ಸೆರೆವಾಸ. ಚಿಕಿತ್ಸೆಯ ಮಾತು ಅದರಲ್ಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಲಾರಿ ಚಾಲಕ ತಜ್ಞರ ಬಳಿ ಹೋಗಿ, ಅವರು ಸೂಚಿಸಿದ ಚಿಕಿತ್ಸೆ ಇಲ್ಲವೇ ತಿಳಿವಳಿಕೆ ಪಡೆದು, ಮರುಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕೆಲಸಕ್ಕೆ ಮರಳಿದ ಮೇಲೂ ಮೊದಲ 12 ತಿಂಗಳಲ್ಲಿ ಮುನ್ಸೂಚನೆಯಿಲ್ಲದ ಕನಿಷ್ಠ 6 ಪರೀಕ್ಷೆಗಳಿರುತ್ತವೆ.

ಈ ಕ್ರಮ ನಮಗೂ ಬೇಕು. ಏಕೆಂದರೆ ಒಂದು ದಿನ ಕುಡಿಯದಿದ್ದರೆ ಪರೀಕ್ಷೆ ಗೆಲ್ಲಬಹುದು, ಚಟವನ್ನಲ್ಲ. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ನಿದ್ರಾಹೀನತೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಆ ಸ್ಥಿತಿಯಲ್ಲಿ ವಾಹನ ನಡೆಸುವುದು ಅಪಾಯ. ಆದ್ದರಿಂದ ವೈದ್ಯರ ನಿಗಾದಲ್ಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಮನೆಯವರು ಹಂಗಿಸುವುದನ್ನು ಬಿಟ್ಟು ಜೊತೆಗೆ ಹೋಗಲಿ. ಮಾಲೀಕರೂ ಚಿಕಿತ್ಸೆಗೆ ರಜೆ ಕೊಡಲಿ. ಕೆಲವು ವಾರಗಳ ಸಂಬಳವನ್ನು ಮತ್ತೆ ದುಡಿಯಬಹುದು, ಹೋದ ಜೀವವನ್ನಲ್ಲ.