‘ಅಣೆಕಟ್ಟು ಚಿಕ್ಕದು, ಈಜು ಬಂದರೆ ಭಯವಿಲ್ಲ’ – ಇದು ನಿಜವೇ?

ಮರಗಳ ನಡುವೆ ಹರಿಯುವ ಅಗಲವಾದ ನದಿ, ಅದರಲ್ಲಿ ಹುಟ್ಟು ಹಾಕುತ್ತಾ ಸಾಗುವ ಕಯಾಕ್ ದೋಣಿಗಳು, ಎದುರಿಗೆ ಹಳೆಯ ಕಟ್ಟೆ, ಅದರ ಮೇಲಿಂದ ಬಿಳಿ ಪರದೆಯಂತೆ ಇಳಿಯುವ ನೀರು. ಇಂಥ ವಿಡಿಯೊಗಳನ್ನು ನೀವೂ ನೋಡಿರಬಹುದು. ‘ಕಟ್ಟೆ ಆಳೆತ್ತರವೂ ಇಲ್ಲ, ಲೈಫ್ ಜಾಕೆಟ್ ಇದ್ದರೆ ಸಾಕು’ ಎಂದು ಹಲವರಿಗೆ ಅನಿಸುತ್ತದೆ. ಈ ನಂಬಿಕೆ ತಪ್ಪು. ಏಕೆಂದು ನೋಡೋಣ.

ನದಿಗೆ ಮೆಟ್ಟಿಲು ಏಕೆ?

ಅಮೆರಿಕದ ಓಹಾಯೊ ರಾಜ್ಯದ ಮಸ್ಕಿಂಗಮ್ ನದಿಯನ್ನೇ ತೆಗೆದುಕೊಳ್ಳಿ. ಸರಕಿನ ದೋಣಿಗಳಿಗೆ ಬೇಕಾದಷ್ಟು ಆಳ ಸಿಗಲೆಂದು 1841ರ ಹೊತ್ತಿಗೆ ಇಲ್ಲಿ ಸಾಲಾಗಿ ತಗ್ಗು ಅಣೆಕಟ್ಟುಗಳನ್ನು ಕಟ್ಟಲಾಯಿತು. ಅಣೆಕಟ್ಟುಗಳನ್ನು ದಾಟಲು ‘ಲಾಕ್’ಗಳಿವೆ. ಈಗ ಅಲ್ಲಿ ಸರಕು ಸಾಗಾಟವಿಲ್ಲ, ಕಯಾಕ್ ಮತ್ತು ವಿಹಾರದ ದೋಣಿಗಳು ಓಡಾಡುತ್ತವೆ.

ಲಾಕ್ ಎಂದರೆ ಎರಡೂ ತುದಿಗೆ ಗೇಟು ಇರುವ ಉದ್ದನೆಯ ತೊಟ್ಟಿ. ಕೆಳಗೆ ಇಳಿಯುವ ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚುತ್ತಾರೆ. ನಂತರ ತೊಟ್ಟಿಯ ನೀರನ್ನು ಕೆಳಗಿನ ನದಿಗೆ ಬಿಡುತ್ತಾರೆ. ನೀರಿನೊಂದಿಗೆ ದೋಣಿಯೂ ಮೆಲ್ಲಗೆ ಇಳಿಯುತ್ತದೆ. ಎರಡೂ ಕಡೆ ಮಟ್ಟ ಸಮವಾದಾಗ ಮುಂದಿನ ಗೇಟು ತೆರೆಯುತ್ತದೆ. ಇದಕ್ಕೆ ಪಂಪ್ ಬೇಡ, ನೀರು ತಾನಾಗಿಯೇ ಇಳಿಜಾರಿಗೆ ಹರಿಯುತ್ತದೆ. ಮಸ್ಕಿಂಗಮ್‌ನ ಗೇಟುಗಳನ್ನು ಇಂದಿಗೂ ಕೈಯಿಂದಲೇ ತಿರುಗಿಸಿ ತೆರೆಯುತ್ತಾರೆ.

ಅಪಾಯ ಎಲ್ಲಿದೆ?

ಅಪಾಯವಿರುವುದು ಲಾಕ್ ಪಕ್ಕದ ಅಣೆಕಟ್ಟಿನಲ್ಲಿ. ಕಟ್ಟೆಯ ಮೇಲಿಂದ ಬಿದ್ದ ನೀರು ನೇರ ತಳಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಉಕ್ಕಿ ಮೇಲೇಳುತ್ತದೆ. ಅದರ ಒಂದು ಭಾಗ ಮೇಲ್ಮೈಯಲ್ಲಿ ಮತ್ತೆ ಕಟ್ಟೆಯ ಕಡೆಗೇ ಹಿಂದಿರುಗುತ್ತದೆ. ಅಲ್ಲಿ ಸಿಕ್ಕವರನ್ನು ಅದು ಕಟ್ಟೆಗೆ ಎಳೆದು, ಮುಳುಗಿಸಿ, ಮೇಲೆತ್ತಿ, ಮತ್ತೆ ಎಳೆಯುತ್ತದೆ. ಕಟ್ಟೆಯ ಉದ್ದಕ್ಕೂ ಹೀಗೇ ಇರುವುದರಿಂದ ಪಕ್ಕಕ್ಕೆ ಸರಿದು ಪಾರಾಗುವುದೂ ಕಷ್ಟ. ಗಾಳಿಗುಳ್ಳೆ ತುಂಬಿದ ನೊರೆನೀರು ದೇಹವನ್ನು ಸರಿಯಾಗಿ ತೇಲಿಸುವುದಿಲ್ಲ. ಲೈಫ್ ಜಾಕೆಟ್ ಹಾಕಲೇಬೇಕು, ಆದರೆ ಇಲ್ಲಿ ಅದೊಂದೇ ಸಾಲದು.

ಇನ್ನೊಂದು ಮೋಸವಿದೆ. ಮಳೆಗೆ ಕೆಳಗಿನ ನೀರಿನ ಮಟ್ಟ ಏರಿದಾಗ ಕಟ್ಟೆ ಇನ್ನೂ ಗಿಡ್ಡವಾಗಿ ಕಾಣುತ್ತದೆ. ಆದರೆ ಈ ಎಳೆತ ಆಗಲೇ ಹೆಚ್ಚಾಗಬಹುದು. ಮೇಲಿನಿಂದ ಬರುವ ದೋಣಿಯವರಿಗೆ ಬೀಳುವ ನೀರು ಕಾಣುವುದೂ ಇಲ್ಲ, ನದಿಗೆ ಅಡ್ಡಲಾಗಿ ಒಂದು ಗೆರೆ ಮಾತ್ರ ಕಾಣುತ್ತದೆ.

1975ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ, ಸಸ್ಕ್ವಿಹಾನಾ ನದಿಯ ಇಂಥದ್ದೇ ತಗ್ಗು ಅಣೆಕಟ್ಟಿನ ಬಳಿ ರಕ್ಷಣೆಗೆ ಇಳಿದ ಅಗ್ನಿಶಾಮಕ ಸಿಬ್ಬಂದಿಯೇ ಜೀವ ಕಳೆದುಕೊಂಡರು. ತರಬೇತಿ ಇದ್ದವರಿಗೇ ಹೀಗಾದರೆ ನಮ್ಮ ಈಜು ಎಷ್ಟರದು?

ನಮ್ಮೂರಿಗೂ ಇದು ಅನ್ವಯ

ನಮ್ಮ ಹೊಳೆಗಳ ಚೆಕ್ ಡ್ಯಾಂ, ಕಿಂಡಿ ಅಣೆಕಟ್ಟು, ನಾಲೆಗೆ ನೀರು ತಿರುಗಿಸುವ ಹಳೆಯ ಕಟ್ಟೆಗಳ ಮೇಲೆ ನೀರು ತುಂಬಿ ಹರಿಯುವಾಗಲೂ ಇಂಥ ಎಳೆತ ಉಂಟಾಗಬಹುದು. ಹಾಗಾಗಿ ನೆನಪಿಡಿ:

• ದೋಣಿಯಲ್ಲಿದ್ದರೆ ಕಟ್ಟೆಗೆ ಬಹಳ ಮೊದಲೇ ದಡ ಸೇರಿ. ಲಾಕ್ ಇಲ್ಲದಿದ್ದರೆ, ಅಥವಾ ಮುಚ್ಚಿದ್ದರೆ, ದೋಣಿಯನ್ನು ದಡದ ಮೇಲೆ ಹೊತ್ತು ದಾಟಿ.
• ಕಟ್ಟೆಯ ಕೆಳಗೂ ದೂರವಿರಿ. ಉಕ್ಕುವ ನೀರಿನಿಂದ ಈಚೆಗೆ ಹೋದರೆ ಸೆಳೆತ ಕಟ್ಟೆಯ ಕಡೆಗೇ.
• ನೀರು ಹರಿಯುವ ಕಟ್ಟೆಯ ಮೇಲೆ ಸೆಲ್ಫಿಗೆ ನಿಲ್ಲಬೇಡಿ.
• ಯಾರಾದರೂ ಸಿಕ್ಕಿಬಿದ್ದರೆ ನೀರಿಗೆ ಹಾರಬೇಡಿ. ದಡದಿಂದಲೇ ಹಗ್ಗ ಎಸೆಯಿರಿ, 112ಕ್ಕೆ ಕರೆ ಮಾಡಿ.

ಮುಂದಿನ ಸಲ ಅಂಥ ವಿಡಿಯೊ ಕಳಿಸುವಾಗ ಈ ಮಾತನ್ನೂ ಸೇರಿಸಿ: ಕಟ್ಟೆ ಗಿಡ್ಡವೆಂದು ನೀರಿಗೆ ಇಳಿಯಬೇಡಿ.