ಹೆಂಚಿಗಿಂತ ಮೊದಲು ಆರ್‌ಸಿ

ಸಕಲೇಶಪುರ, ಆಲೂರು ಕಡೆ ಮಳೆಗೆ ಮುಂಚೆ ಹಳೇ ಕಾರು ಕೊಂಡರೆ ಖರ್ಚುಗಳೆಲ್ಲ ಒಟ್ಟಿಗೇ ಬರುತ್ತವೆ. ಮನೆಯ ಹೆಂಚು ಕೈಯಾಡಿಸಬೇಕು, ಸೌದೆ ಕೊಟ್ಟಿಗೆಗೆ ತಗಡು ಹೊದಿಸಬೇಕು, ಕಾರಿಗೆ ಟೈರು, ವೈಪರ್ ಹಾಕಿಸಬೇಕು. ಈ ಗಡಿಬಿಡಿಯಲ್ಲಿ ‘ಆಮೇಲೆ ನೋಡೋಣ’ ಎಂದು ಹಿಂದೆ ಬೀಳುವುದು ಆರ್‌ಸಿ ವರ್ಗಾವಣೆ.

ನಿಜಕ್ಕೂ ಅದೇ ಮೊದಲಾಗಬೇಕು. ಫಾರಂ 29, 30ಕ್ಕೆ ಸಹಿ ಬಿದ್ದರೆ ಸಾಲದು. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗಬೇಕು. ಅಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಿಗೆ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಶಿರಾಡಿ ಘಾಟಿಯ ಮಂಜಿನಲ್ಲಿ ನಾವು ಗುದ್ದಿದರೆ, ನಂಬಿ ಕಾರು ಕೊಟ್ಟ ನೆಂಟರೋ ಪಕ್ಕದ ತೋಟದವರೋ ಕೋರ್ಟಿಗೆ ಅಲೆಯಬೇಕಾದೀತು. ಇನ್ಶೂರೆನ್ಸ್‌ನಲ್ಲಿ ಹೆಸರು ಬದಲಿಸಲೂ 14 ದಿನದೊಳಗೆ ಅರ್ಜಿ ಹಾಕಬೇಕು.

ಸೋರುವ ಮಾಡಿಗೆ ಈ ಮಳೆಗಾಲ ಟಾರ್ಪಾಲು ಹೊದಿಸಿ ತಳ್ಳಬಹುದು. ಬ್ರೇಕಿಗೂ ಕಾಗದಪತ್ರಕ್ಕೂ ಆ ಉಪಾಯ ನಡೆಯುವುದಿಲ್ಲ.