ಜೊತೆಗೆ ಹೋಗುವವರೂ ಚಿಕಿತ್ಸೆಯ ಭಾಗ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಂಗಳಗಳಲ್ಲಿ ಯಾರ ಆರೈಕೆಯೂ ಇಲ್ಲದೆ ವರ್ಷವಿಡೀ ಅರಳುವ ಗಿಡ ನಿತ್ಯಪುಷ್ಪ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಇದರ ಎಲೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದಿದೆಯೇ ಎಂದು ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ; ಪ್ರಯೋಗದ ಇಲಿಗಳ ರಕ್ತದಲ್ಲಿ ಬಿಳಿಕಣಗಳು ಇಳಿದವು. ಆ ಸುಳಿವನ್ನು ಅವರು ಬಿಡಲಿಲ್ಲ. ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ಮುಖ್ಯ ಮದ್ದು. ಅದರ ಜೊತೆಗೆ ಕೊಡುವ ಮೆಥೊಟ್ರೆಕ್ಸೇಟ್‌ನ ಹಿಂದೆ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಒಂದು ಕಾಲಕ್ಕೆ ಕೆಲವೇ ತಿಂಗಳಲ್ಲಿ ಮಕ್ಕಳನ್ನು ಕಿತ್ತುಕೊಳ್ಳುತ್ತಿದ್ದ ಕಾಯಿಲೆಯಿಂದ, ಸರಿಯಾದ ಚಿಕಿತ್ಸೆ ಸಿಕ್ಕ ಬಹುಪಾಲು ಮಕ್ಕಳು ಇಂದು ಗುಣಮುಖರಾಗುತ್ತಿದ್ದಾರೆ. ಸಂಶೋಧನೆಗೆ ಹಾಕಿದ ಹಣ ಎಲ್ಲಿ ಹೋಯಿತು ಎಂದು ಕೇಳುವವರಿಗೆ ಆ ಮಕ್ಕಳೇ ಉತ್ತರ.

ಆದರೆ ಮದ್ದು ಸಿದ್ಧವಿದ್ದರೆ ಸಾಲದು, ರೋಗಿ ಅದನ್ನು ಪೂರ್ತಿ ಮಾಡಬೇಕು. ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿರುವ ನಮ್ಮ ನಾಡಿಗೆ ಬಾಯಿ ಕ್ಯಾನ್ಸರ್ ಹೊಸದಲ್ಲ. ಶಸ್ತ್ರಚಿಕಿತ್ಸೆಯ ನಂತರ ಹಲವರಿಗೆ ರೇಡಿಯೇಷನ್ ಬೇಕಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ, ಅಂದರೆ ಸುಮಾರು 30 ಸಲ. ನಡುವೆ ತಪ್ಪಿಸಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಬಿಡುವು ಸಿಗುತ್ತದೆ ಎಂಬುದನ್ನೂ ಸಂಶೋಧನೆಯೇ ತೋರಿಸಿಕೊಟ್ಟಿದೆ.

ಬೆಳ್ತಂಗಡಿಯ ಒಳಗಿನ ಹಳ್ಳಿಯಲ್ಲಿ ಬೀಡಿ ಕಟ್ಟಿ ಬದುಕುವ ಮನೆಯೊಂದನ್ನು ನೆನೆಯಿರಿ. ಬೆಳಿಗ್ಗೆ ಬಸ್ಸು ಹಿಡಿದು, ಬಿ.ಸಿ.ರೋಡ್ ದಾಟಿ ಮಂಗಳೂರಿಗೆ ಹೋಗಬೇಕು. ಯಂತ್ರದಡಿ ಮಲಗುವುದು ಕೆಲವೇ ನಿಮಿಷ, ಓಡಾಟಕ್ಕೆ ಇಡೀ ದಿನ. ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣಾಗಿ ಗಂಜಿತಿಳಿಯೂ ಉರಿಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ಆದರೆ ಜೊತೆಗೆ ಹೋದ ಮಗ ಕಳೆದುಕೊಂಡ ಕೂಲಿ ಅದರಲ್ಲಿ ಬರುವುದಿಲ್ಲ. "ಇವತ್ತೊಂದು ದಿನ ಬೇಡ" ಎಂಬ ಮಾತು ಹುಟ್ಟುವುದು ಇಲ್ಲಿಯೇ. ಆ ಮಾತು ಬಾರದಂತೆ ನೋಡಿಕೊಳ್ಳುವವರು ವೈದ್ಯರಷ್ಟೇ ಮುಖ್ಯ.

ಇಂಥ ಆಸರೆ ನಮ್ಮ ಕರಾವಳಿಗೆ ಕಷ್ಟವೇನಲ್ಲ. ಕೃಷ್ಣಾಷ್ಟಮಿಗೆ ವೇಷ ಹಾಕಿ, ಸಂಗ್ರಹವಾದ ಹಣವನ್ನು ಕಾಯಿಲೆ ಬಿದ್ದ ಮಕ್ಕಳಿಗೆ ಕೊಡುವ ರವಿ ಕಟಪಾಡಿಯವರನ್ನು ಕಂಡ ನಾಡು ಇದು. ಊರೂರಲ್ಲಿ ಯುವಕ ಮಂಡಲ, ಮಹಿಳಾ ಮಂಡಲ, ಸ್ವಸಹಾಯ ಸಂಘಗಳಿವೆ. ರೋಗಿಯ ಜೊತೆ ಹೋಗುವ 30 ದಿನವನ್ನು ಹತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಮೂರೇ ದಿನ.

ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ. ನೆರೆಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದ್ದರೆ, "ಹೇಗಿದ್ದಾರೆ?" ಎಂದು ಕೇಳಿ ಬಂದುಬಿಡಬೇಡಿ. "ನಾಳೆ ಜೊತೆಗೆ ನಾನು ಬರುತ್ತೇನೆ" ಎಂದು ಹೇಳಿ ಬನ್ನಿ.